ಸೊನ್ನೆ ಬಿಲ್ಲಿನ ಹಿಂದಿನ ಲೆಕ್ಕ: ಬಡವರ ಮೀಟರಿಗೆ ನ್ಯಾಯ ಸಿಕ್ಕಿದೆಯೇ?

ಬೆಂಗಳೂರು: ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಶಿವಾಜಿನಗರದ ಗಲ್ಲಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹೆಗಲಿಗೆ ಚೀಲ ನೇತುಹಾಕಿಕೊಂಡ ಮೀಟರ್ ರೀಡರ್, ಮೆಟ್ಟಿಲ ಕೆಳಗಿನ ಅರೆಗತ್ತಲಲ್ಲಿ ಸಾಲಾಗಿ ಕೂರಿಸಿದ ಮೀಟರುಗಳ ಮುಂದೆ ನಿಂತು ಅಂಕಿ ಓದುತ್ತಾರೆ. ಕೈಯಲ್ಲಿರುವ ಯಂತ್ರದಿಂದ ಉದ್ದನೆಯ ಕಾಗದದ ಪಟ್ಟಿಯೊಂದು ಹೊರಬರುತ್ತದೆ. ಮನೆಯವರ ಕಣ್ಣು ಮೊದಲು ಹೋಗುವುದು ಆ ಪಟ್ಟಿಯ ಕೊನೆಯ ಸಾಲಿಗೆ. ಅಲ್ಲಿ ಸೊನ್ನೆ ಇದ್ದರೆ ಪಟ್ಟಿ ಮಡಚಿ ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಸೊನ್ನೆಯ ಜಾಗದಲ್ಲಿ ಬೇರೆ ಅಂಕಿ ಇದ್ದರೆ ಮಾತ್ರ ಉಳಿದ ಸಾಲುಗಳನ್ನು ಓದುವ ಪ್ರಯತ್ನ ಆರಂಭವಾಗುತ್ತದೆ. ಓದಿದರೂ ಅದು ಅರ್ಥವಾಗುವವರು ವಿರಳ.

ರಾಜ್ಯದ ಬಹುಪಾಲು ಮನೆಗಳಲ್ಲಿ ವಿದ್ಯುತ್ ಬಿಲ್ ಇಂದು ಚಿಂತೆಯ ವಿಷಯವಲ್ಲ. ಗೃಹಜ್ಯೋತಿ ಯೋಜನೆ ಆ ಚಿಂತೆಯನ್ನು ನೀಗಿಸಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸೊನ್ನೆ ಬಿಲ್ಲಿನ ಸಂತಸದ ಮರೆಯಲ್ಲಿ ವಿದ್ಯುತ್ ದರದ ರಚನೆಯೇ ಬದಲಾಗಿದೆ. ಕಡಿಮೆ ಬಳಸುವವನಿಗೆ ಕಡಿಮೆ ದರ ಎಂಬ ದಶಕಗಳ ಪದ್ಧತಿ ಸದ್ದಿಲ್ಲದೆ ತೆರೆಮರೆಗೆ ಸರಿದಿದೆ. ಯೋಜನೆಯ ನೆರಳಿನಲ್ಲಿರುವವರಿಗೆ ಈ ಬದಲಾವಣೆ ತಿಳಿದಿಲ್ಲ. ನೆರಳಿನಿಂದ ಹೊರಗುಳಿದವರಿಗೆ ಮಾತ್ರ ಅದರ ಬಿಸಿ ತಟ್ಟುತ್ತಿದೆ. ಹೀಗೆ ಹೊರಗುಳಿದವರಲ್ಲಿ ಅನೇಕರು ಬಡವರೇ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಯೋಜನೆ ಬಂದ ಬಗೆ

1905ರ ಆಗಸ್ಟ್ 5ರಂದು, ಇಂದಿನ ಕೆ.ಆರ್. ಮಾರುಕಟ್ಟೆಯ ಪರಿಸರದಲ್ಲಿ, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಬೆಂಗಳೂರಿನ ಮೊದಲ ಬೀದಿದೀಪ ಬೆಳಗಿತು. ಅದಾಗಿ ಸರಿಯಾಗಿ 118 ವರ್ಷಗಳ ನಂತರ, 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಗೃಹಜ್ಯೋತಿ ಯೋಜನೆಗೆ ವಿಧ್ಯುಕ್ತ ಚಾಲನೆ ದೊರೆಯಿತು. ಆ ವರ್ಷದ ಜುಲೈ ತಿಂಗಳ ಬಳಕೆಯಿಂದಲೇ ಅದು ಅನ್ವಯವಾಗಿತ್ತು.

'200 ಯೂನಿಟ್‌ವರೆಗೆ ಉಚಿತ' ಎಂಬುದು ಜನಮನದಲ್ಲಿ ನಿಂತ ಘೋಷಣೆ. ನಿಯಮ ಅಷ್ಟು ಸರಳವಲ್ಲ. ಒಂದು ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10ರಷ್ಟು ಸೇರಿಸಿದರೆ ಬರುವ ಮೊತ್ತವೇ ಆ ಮನೆಯ ಉಚಿತ ಹಕ್ಕು. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ತೆರಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ನಿಗದಿ ಮಾಡಲಾಯಿತು. ತೀರಾ ಕಡಿಮೆ ಬಳಸುವವರಿಗೆ ಶೇ 10 ಎಂದರೆ ಮೂರು-ನಾಲ್ಕು ಯೂನಿಟ್ ಮಾತ್ರ ಎಂಬುದು ಮನವರಿಕೆಯಾದ ಮೇಲೆ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯುಳ್ಳವರಿಗೆ ಶೇಕಡಾವಾರು ಬದಲು 10 ಯೂನಿಟ್ ಹೆಚ್ಚುವರಿ ನೀಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

2025-26ರ ರಾಜ್ಯ ಆಯವ್ಯಯದಲ್ಲಿ ಈ ಯೋಜನೆಗೆ 10,100 ಕೋಟಿ ರೂಪಾಯಿ ಮೀಸಲಿಡಲಾಗಿತ್ತು. ಸಾರ್ವಜನಿಕರ ಇಷ್ಟು ದೊಡ್ಡ ಮೊತ್ತ ಯಾರ ಮನೆಗೆ ಎಷ್ಟು ತಲುಪುತ್ತಿದೆ ಎಂದು ಕೇಳುವುದು ಯೋಜನೆಯ ವಿರೋಧವಲ್ಲ.

ದರಪಟ್ಟಿ ಹೇಳುವ ಕಥೆ

ಮೊದಲು ಉಚಿತದ ಮಾತನ್ನು ಬದಿಗಿಟ್ಟು ದರವನ್ನಷ್ಟೇ ನೋಡೋಣ. 2022-23ರಲ್ಲಿ ಬೆಂಗಳೂರಿನ ಗೃಹ ಬಳಕೆದಾರರಿಗೆ ನಾಲ್ಕು ಹಂತದ ದರವಿತ್ತು. ಮೊದಲ 50 ಯೂನಿಟ್‌ಗೆ ತಲಾ 4.15 ರೂಪಾಯಿ, ನಂತರದ 50ಕ್ಕೆ 5.60, ಅದರ ನಂತರದ 100ಕ್ಕೆ 7.15, ಅದಕ್ಕೂ ಮೇಲ್ಪಟ್ಟು 8.20. ಮೇಲಿನ ಹಂತಕ್ಕೆ ಹೋದವರಿಗೂ ಕೆಳಗಿನ ಹಂತದ ಯೂನಿಟ್‌ಗಳು ಕಡಿಮೆ ದರದಲ್ಲೇ ಸಿಗುತ್ತಿದ್ದವು.

2023ರ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಹೊರಡಿಸಿದ ಆದೇಶ ಈ ನಾಲ್ಕನ್ನು ಎರಡಕ್ಕಿಳಿಸಿತು. 100 ಯೂನಿಟ್‌ವರೆಗೆ 4.75 ರೂಪಾಯಿ; 100 ಮೀರಿದರೆ ಇಡೀ ಬಳಕೆಗೆ 7 ರೂಪಾಯಿ. ಅಂದರೆ 100 ಯೂನಿಟ್ ಬಳಸಿದವನಿಗೆ 475 ರೂಪಾಯಿ, 101 ಬಳಸಿದವನಿಗೆ 707 ರೂಪಾಯಿ! 2024ರ ಫೆಬ್ರವರಿ 28ರ ಆದೇಶ ಈ ವಿಪರ್ಯಾಸವನ್ನು ತೊಡೆದುಹಾಕಿತಾದರೂ, ಅದರ ಜೊತೆಗೆ ಹಂತಗಳನ್ನೇ ತೊಡೆದುಹಾಕಿತು. 2024ರ ಏಪ್ರಿಲ್‌ನಿಂದ ಒಂದು ಯೂನಿಟ್ ಬಳಸಿದರೂ, ಸಾವಿರ ಬಳಸಿದರೂ ದರ ಒಂದೇ: 5.90 ರೂಪಾಯಿ. 2025-26ಕ್ಕೆ ಅದು 5.80ಕ್ಕೆ ಇಳಿಯಿತು. ಆದರೆ ಇಳಿದ ಹತ್ತು ಪೈಸೆಯ ಬೆನ್ನಿಗೇ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿಕೊಂಡಿತು. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ವಿಧಿಸುವ ನಿಗದಿತ ಶುಲ್ಕ 120 ರೂಪಾಯಿಯಿಂದ 145ಕ್ಕೆ ಏರಿತು.

ಇದರ ಪರಿಣಾಮವನ್ನು ಎರಡು ಮನೆಗಳ ಲೆಕ್ಕದಲ್ಲಿ ನೋಡಬಹುದು. ಎರಡು ದೀಪ, ಒಂದು ಫ್ಯಾನ್, ಒಂದು ಟಿ.ವಿ. ಇರುವ, ತಿಂಗಳಿಗೆ 40 ಯೂನಿಟ್ ಬಳಸುವ ಮನೆಯೊಂದು. ನಿಗದಿತ ಶುಲ್ಕ, ತೆರಿಗೆ ಬಿಟ್ಟು ಈ ಮನೆಯ ಯೂನಿಟ್ ವೆಚ್ಚ 2022-23ರ ದರದಲ್ಲಿ 166 ರೂಪಾಯಿ. ಮರುವರ್ಷ 190. ಅದರ ಮರುವರ್ಷ 236. 2025-26ರಲ್ಲಿ ಪಿಂಚಣಿ ಬಾಬ್ತೂ ಸೇರಿ 246 ರೂಪಾಯಿ 40 ಪೈಸೆ. ಮೂರು ವರ್ಷಗಳಲ್ಲಿ ಶೇ 48ರಷ್ಟು ಹೆಚ್ಚಳ.

ಈಗ 300 ಯೂನಿಟ್ ಬಳಸುವ ಇನ್ನೊಂದು ಮನೆ. ಅಲ್ಲಿ ಗೀಸರ್, ವಾಷಿಂಗ್ ಮಷಿನ್, ಬಹುಶಃ ಒಂದು ಹವಾನಿಯಂತ್ರಕವೂ ಇದೆ. 2022-23ರ ದರದಲ್ಲಿ ಅದರ ಯೂನಿಟ್ ವೆಚ್ಚ 2,022 ರೂಪಾಯಿ 50 ಪೈಸೆ. ಮರುವರ್ಷ 2,100. ಅದರ ಮರುವರ್ಷ 1,770. 2025-26ರಲ್ಲಿ ಪಿಂಚಣಿ ಬಾಬ್ತೂ ಸೇರಿ 1,848. ಇಲ್ಲಿ ಆಗಿರುವುದು ಶೇ 8ಕ್ಕೂ ಅಧಿಕ ಇಳಿಕೆ.

ಚಿಕ್ಕ ಮನೆಯ ದರ ಅರ್ಧದಷ್ಟು ಏರಿ, ದೊಡ್ಡ ಮನೆಯ ದರ ಇಳಿದಿದ್ದರೂ ರಾಜ್ಯದಲ್ಲಿ ಪ್ರತಿಭಟನೆಯ ಸೊಲ್ಲೇ ಏಳಲಿಲ್ಲ. ಕಾರಣ ಸ್ಪಷ್ಟ. ಚಿಕ್ಕ ಮನೆಯ ಬಿಲ್ಲನ್ನು ಸರ್ಕಾರ ಕಟ್ಟುತ್ತಿದೆ. ಏರಿಕೆಯ ಭಾರ ಬೊಕ್ಕಸಕ್ಕೆ ವರ್ಗವಾಗಿದೆ, ಅಷ್ಟೇ.

ಏಕರೂಪದ ದರಕ್ಕೆ ಸಮರ್ಥನೆಯೇ ಇಲ್ಲವೆಂದಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಒಂದು ವರ್ಗದ ಹೊರೆಯನ್ನು ಇನ್ನೊಂದು ವರ್ಗ ಹೊರುವ ಅಡ್ಡ ಸಹಾಯಧನವನ್ನು ಕ್ರಮೇಣ ತಗ್ಗಿಸಬೇಕೆನ್ನುತ್ತದೆ. ಬಡವರಿಗೆ ನೆರವಾಗಬೇಕಿದ್ದರೆ ಸರ್ಕಾರ ಬಹಿರಂಗವಾಗಿ, ಮುಂಗಡವಾಗಿ ಸಹಾಯಧನ ನೀಡಲಿ ಎಂಬುದು ಕಾಯ್ದೆಯ 65ನೇ ಪ್ರಕರಣದ ಆಶಯ. ಆದರೆ ರಾಷ್ಟ್ರೀಯ ವಿದ್ಯುತ್ ದರ ನೀತಿ ಇನ್ನೊಂದು ಮಾತನ್ನೂ ಹೇಳಿದೆ. ಬಡತನ ರೇಖೆಗಿಂತ ಕೆಳಗಿದ್ದು, ತಿಂಗಳಿಗೆ ಸುಮಾರು 30 ಯೂನಿಟ್‌ನಂತಹ ಕನಿಷ್ಠ ಬಳಕೆ ಮಾಡುವವರಿಗೆ ಪೂರೈಕೆಯ ಸರಾಸರಿ ವೆಚ್ಚದ ಅರ್ಧದಷ್ಟು ವಿಶೇಷ ದರ ಇರಬಹುದು ಎಂದು ಅದು ಅವಕಾಶ ಕಲ್ಪಿಸಿದೆ. ನಮ್ಮ ದರಪಟ್ಟಿಯಿಂದ ಈ ಕೆಳಹಂತವೇ ಕಾಣೆಯಾಗಿದೆ. ಸಹಾಯಧನವನ್ನು ಒಂದು ಸಂಪುಟ ತೀರ್ಮಾನ ಕೊಡುತ್ತದೆ, ಮತ್ತೊಂದು ಸಂಪುಟ ತೀರ್ಮಾನ ಕಸಿಯಬಹುದು. ದರಪಟ್ಟಿಯಲ್ಲಿರುವ ಹಂತವನ್ನು ಬದಲಿಸಬೇಕಾದರೆ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸಬೇಕು. ಬಡ ಗ್ರಾಹಕನ ಪಾಲಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಿತವ್ಯಯಿಗೆ ಮಿತ ಹಕ್ಕು

ಇನ್ನು ಸಹಾಯಧನದ ಹಂಚಿಕೆಯನ್ನು ನೋಡೋಣ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಗಳಿಂದ ಇಂದಿರಾನಗರದ ನೂರಡಿ ರಸ್ತೆಗೆ ಹೆಚ್ಚು ದೂರವಿಲ್ಲ. ಒಂದೆಡೆ ತಿಂಗಳಿಗೆ 30 ಯೂನಿಟ್ ಬಳಸುತ್ತಿದ್ದ ಒಂಟಿ ಕೋಣೆಯ ಕುಟುಂಬ, ಇನ್ನೊಂದೆಡೆ 180 ಯೂನಿಟ್ ಬಳಸುತ್ತಿದ್ದ ಮೂರು ಕೋಣೆಯ ಮನೆ ಎಂದಿಟ್ಟುಕೊಳ್ಳೋಣ. ನಿಯಮದ ಪ್ರಕಾರ ಮೊದಲನೆಯದಕ್ಕೆ 40 ಯೂನಿಟ್, ಎರಡನೆಯದಕ್ಕೆ 198 ಯೂನಿಟ್ ಉಚಿತ. 2025-26ರ ದರದಲ್ಲಿ ಒಂಟಿ ಕೋಣೆಯವರಿಗೆ ಸಿಗುವ ವಿದ್ಯುತ್ತಿನ ಬೆಲೆ 232 ರೂಪಾಯಿ. ಮೂರು ಕೋಣೆಯವರಿಗೆ ಸಿಗುವುದು 1,148 ರೂಪಾಯಿ. ಅನುಕೂಲಸ್ಥರಿಗೆ ಹತ್ತಿರಹತ್ತಿರ ಐದು ಪಟ್ಟು!

ಯೋಜನೆ ರೂಪಿಸಿದವರ ಉದ್ದೇಶ ಅರ್ಥವಾಗದ್ದೇನಲ್ಲ. ಉಚಿತವೆಂದು ಜನ ಮನಬಂದಂತೆ ವಿದ್ಯುತ್ ಉರಿಸದಿರಲಿ ಎಂದು ಹಿಂದಿನ ಬಳಕೆಗೆ ಕಟ್ಟುಹಾಕಲಾಯಿತು. ಆದರೆ ಈ ಕಟ್ಟು ಹೆಚ್ಚು ಬಿಗಿಯಾಗಿರುವುದು ಮೊದಲಿನಿಂದಲೂ ಲೆಕ್ಕ ಹಾಕಿ ದೀಪ ಹಚ್ಚಿದವರಿಗೆ. 2022-23ರಲ್ಲಿ ಬಿಲ್ಲಿಗೆ ಹೆದರಿ ಫ್ಯಾನ್ ನಿಲ್ಲಿಸಿದ ಮನೆಗೆ ಆ ಹೆದರಿಕೆಯೇ ಶಾಶ್ವತ ಮಿತಿಯಾಯಿತು. ಕಂತಿನ ಮೇಲೆ ಫ್ರಿಜ್ ತಂದರೆ, ಮಗಳ ಪರೀಕ್ಷೆಗೆಂದು ರಾತ್ರಿ ದೀಪ ಹೆಚ್ಚು ಉರಿದರೆ, ಹಾಸಿಗೆ ಹಿಡಿದ ಹಿರಿಯರಿಗೆ ಹಗಲಿಡೀ ಫ್ಯಾನ್ ಬೇಕಾದರೆ, ಆ ಯೂನಿಟ್‌ಗಳಿಗೆ ಪೂರ್ಣ ದರ ತೆರಬೇಕು. ಹಿಂದೆ ಅದೇ ಯೂನಿಟ್‌ಗೆ 4.15 ರೂಪಾಯಿಯ ಕೆಳಹಂತವಿತ್ತು. 2025-26ರಲ್ಲಿ ಅದು 5.80, ಅದರ ಮೇಲೆ 36 ಪೈಸೆ, ಅದರ ಮೇಲೆ ತೆರಿಗೆ.

ಬಾಡಿಗೆದಾರರ ಪಾಡು ಇನ್ನೊಂದು ಬಗೆಯದು. ಇಲ್ಲಿ ಹಕ್ಕು ನಿರ್ಧಾರವಾಗುವುದು ಕುಟುಂಬದ ಬಳಕೆಯಿಂದಲ್ಲ, ಮೀಟರಿನ ಇತಿಹಾಸದಿಂದ. ಮೊದಲು ಒಬ್ಬಂಟಿ ಇದ್ದ ಮನೆಗೆ ಐದು ಜನರ ಸಂಸಾರ ಬಂದರೆ ಆ ಒಬ್ಬಂಟಿಯ ಸರಾಸರಿಯೇ ಇವರ ಪಾಲಿಗೆ ಬರುತ್ತದೆ. ಮನೆ ಬದಲಿಸುವವರು ಹಳೆಯ ಮೀಟರಿನ ಜೊತೆಗಿನ ಆಧಾರ್ ಜೋಡಣೆಯನ್ನು ಕಳಚಿಕೊಳ್ಳುವ ಅವಕಾಶವನ್ನು 2024ರಲ್ಲಿ ಸೇವಾಸಿಂಧು ಜಾಲತಾಣದಲ್ಲಿ ಕಲ್ಪಿಸಲಾಯಿತು. ಅದು ಸ್ವಾಗತಾರ್ಹವೇ. ಆದರೆ ವರ್ಷಕ್ಕೊಮ್ಮೆ ಮನೆ ಬದಲಿಸುವ ಗಾರೆ ಕೆಲಸದವರು, ಗಾರ್ಮೆಂಟ್ಸ್ ಕೆಲಸದವರು ಪ್ರತಿ ಬಾರಿಯೂ ಈ ಕಳಚು-ಜೋಡಿಸು ಪ್ರಕ್ರಿಯೆಗೆ ಸೈಬರ್ ಕೆಫೆಯ ಮುಂದೆ ಸರದಿ ನಿಲ್ಲಬೇಕು. ನಡುವಿನ ತಿಂಗಳುಗಳ ಬಿಲ್ ಅವರ ಪಾಲಿನದೇ.

ಒಂದು ಯೂನಿಟ್‌ಗೆ ಒಂದೂವರೆ ಸಾವಿರ

200ರ ಗಡಿಯದು ಇನ್ನೂ ವಿಚಿತ್ರ. ಸರಾಸರಿ 182 ಯೂನಿಟ್ ಬಳಸುತ್ತಿದ್ದ ಮನೆಗೆ ಶೇ 10 ಸೇರಿ 200 ಯೂನಿಟ್‌ನ ಹಕ್ಕಿದೆ. ಅದು ತಿಂಗಳಿಗೆ 200 ಯೂನಿಟ್ ಬಳಸಿದರೆ ಬಿಲ್ ಸೊನ್ನೆ. 201 ಬಳಸಿದರೆ? 2025-26ರ ದರದಲ್ಲಿ ಯೂನಿಟ್ ವೆಚ್ಚ 1,165 ರೂಪಾಯಿ, ಪಿಂಚಣಿ ಬಾಬ್ತು 72, ಒಂದು ಕಿಲೋವ್ಯಾಟ್‌ನ ನಿಗದಿತ ಶುಲ್ಕ 145, ಶೇ 9ರ ತೆರಿಗೆ ಸುಮಾರು 105. ಒಟ್ಟು ಹೆಚ್ಚುಕಡಿಮೆ ಒಂದೂವರೆ ಸಾವಿರ ರೂಪಾಯಿ. ಒಂದು ಬಲ್ಬ್ ಆರಿಸಲು ಮರೆತದ್ದಕ್ಕೆ ಇಷ್ಟು ದಂಡ.

200 ಯೂನಿಟ್ ಬಳಸುವವರು ಬಡವರಲ್ಲ ಎಂದು ವಾದಿಸಬಹುದು. ಶಿವಾಜಿನಗರದ ಹಳೆಯ ಮನೆಗಳಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರಗಳು ಒಂದೇ ಸೂರಿನಡಿ ಬಾಳುವುದನ್ನು ಕಂಡವರು ಹಾಗೆ ಹೇಳಲಾರರು. ಹತ್ತು-ಹನ್ನೆರಡು ಜನರ ಅಂಥ ಮನೆಯಲ್ಲಿ ತಲೆಗೆ ಇಪ್ಪತ್ತು ಯೂನಿಟ್ ಬಳಸಿದರೂ ಗಡಿ ದಾಟುತ್ತದೆ. ಬೇಸಿಗೆ ಬಂತೆಂದರೆ ಗಡಿ ಇನ್ನೂ ಹತ್ತಿರ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. ತಗಡಿನ ಮಾಡಿನ ಕೆಳಗೆ ಅಂಥ ರಾತ್ರಿಗಳಲ್ಲಿ ಫ್ಯಾನ್ ನಿಲ್ಲಿಸಿ ಮಲಗಿ ಎನ್ನಲಾದೀತೇ? ಯೋಜನೆಯ ಹಕ್ಕು ಹನ್ನೆರಡು ತಿಂಗಳಿಗೂ ಒಂದೇ ಅಳತೆಯದು. ಮಳೆಗಾಲದಲ್ಲಿ ಉಳಿದ ಯೂನಿಟ್‌ಗಳು ಬೇಸಿಗೆಯ ಲೆಕ್ಕಕ್ಕೆ ಬರುವುದಿಲ್ಲ.

ಮೀಟರ್ ಒಂದು, ಒಲೆ ನಾಲ್ಕು

ಸಮಸ್ಯೆಯ ಅತ್ಯಂತ ನೋವಿನ ಮುಖ ಕಾಣಸಿಗುವುದು ಹಂಚಿಕೆಯ ಮೀಟರುಗಳಲ್ಲಿ. ಕ್ಯಾಂಟೋನ್ಮೆಂಟ್ ಭಾಗದ ವಠಾರಗಳಲ್ಲಾಗಲಿ, ಕೆ.ಆರ್. ಪುರದ ಸುತ್ತಮುತ್ತ ವಲಸೆ ಕಾರ್ಮಿಕರಿಗೆಂದು ಕಟ್ಟಿದ ಸಾಲುಕೋಣೆಗಳಲ್ಲಾಗಲಿ, ಬೆಸ್ಕಾಂನ ಮೀಟರ್ ಒಂದೇ ಇದ್ದು ಒಳಗೆ ಮಾಲೀಕರು ಹಾಕಿಸಿದ ಸಬ್ ಮೀಟರುಗಳು ಇರುವುದು ಹೊಸ ಸಂಗತಿಯಲ್ಲ. ಸಬ್ ಮೀಟರಿಗೆ ಮಾಲೀಕರು ಹೇಳಿದ್ದೇ ದರ. ಬಾಡಿಗೆದಾರರಿಗೆ ಬಿಲ್ ಇಲ್ಲ, ರಸೀದಿ ಇಲ್ಲ, ದೂರು ಕೊಡಲು ಗ್ರಾಹಕ ಸಂಖ್ಯೆಯೂ ಇಲ್ಲ.

ಒಂದು ಮೀಟರಿನಡಿ ತಲಾ 60 ಯೂನಿಟ್ ಬಳಸುವ ನಾಲ್ಕು ಸಂಸಾರಗಳಿವೆ ಎಂದುಕೊಳ್ಳೋಣ. ಒಟ್ಟು 240 ಯೂನಿಟ್. 200ರ ಗಡಿ ದಾಟಿತು. ಉಚಿತ ಯಾರಿಗೂ ಇಲ್ಲ. 2025-26ರ ದರದಲ್ಲಿ ಎರಡು ಕಿಲೋವ್ಯಾಟ್‌ನ ನಿಗದಿತ ಶುಲ್ಕ, ಪಿಂಚಣಿ ಬಾಬ್ತು, ತೆರಿಗೆ ಎಲ್ಲ ಸೇರಿ ಬಿಲ್ ಸುಮಾರು 1,900 ರೂಪಾಯಿ. ತಲೆಗೆ 475. ಮಾಲೀಕರು ಒಂದು ಪೈಸೆ ಲಾಭವಿಟ್ಟುಕೊಳ್ಳದಿದ್ದರೂ ವರ್ಷಕ್ಕೆ ಒಂದೊಂದು ಸಂಸಾರ 5,700 ರೂಪಾಯಿ ತೆರುತ್ತದೆ. ಇದೇ ನಾಲ್ವರಿಗೆ ಪ್ರತ್ಯೇಕ ಮೀಟರ್ ಇದ್ದಿದ್ದರೆ ತಲಾ 58 ಯೂನಿಟ್ ಉಚಿತವಾಗಿ, ಉಳಿದ ಎರಡು ಯೂನಿಟ್‌ಗೆ ತಿಂಗಳಿಗೆ ಹತ್ತು-ಹದಿನೈದು ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಹಾಗಾದರೆ ಪ್ರತ್ಯೇಕ ಮೀಟರ್ ಹಾಕಿಸಬಾರದೇಕೆ? ಇಲ್ಲಿ ಎರಡು ತೊಡಕುಗಳಿವೆ. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯಗೊಳಿಸಿತು. ಅದುವರೆಗೆ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ ಸಿಂಗಲ್ ಫೇಸ್ ಮೀಟರಿನ ಬೆಲೆ ಸುಮಾರು ಐದು ಸಾವಿರಕ್ಕೆ ಏರಿತು. ಈ ನಿರ್ಧಾರ ರಾಜಕೀಯ ವಾಗ್ವಾದಕ್ಕೂ, ಹೈಕೋರ್ಟ್ ಮೆಟ್ಟಿಲಿಗೂ ಹೋಯಿತು. ನಾಲ್ಕು ಕೋಣೆಗೆ ನಾಲ್ಕು ಮೀಟರ್ ಎಂದರೆ ಮೀಟರಿಗೇ ಇಪ್ಪತ್ತು ಸಾವಿರ. ಲಾಭ ಬಾಡಿಗೆದಾರನಿಗೆ, ಖರ್ಚು ಮಾಲೀಕನಿಗೆ ಎಂದಾಗ ಯಾವ ಮಾಲೀಕ ಮುಂದೆ ಬಂದಾನು?

ಎರಡನೆಯದು ಕಟ್ಟಡದ ದಾಖಲೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ತರುವಾಯ ಸ್ವಾಧೀನಾನುಭವ ಪತ್ರ, ಅಂದರೆ ಜನ ಕರೆಯುವಂತೆ ಓ.ಸಿ., ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಸ್ಥಗಿತಗೊಂಡಿತು. ಕೆ.ಆರ್. ಪುರ, ಮಹದೇವಪುರದಂಥ ಹೊರವಲಯಗಳಲ್ಲಿ ಕಟ್ಟಿ ಮುಗಿಸಿದ ಮನೆಗಳೂ ತಾತ್ಕಾಲಿಕ ಸಂಪರ್ಕದ ದುಬಾರಿ ದರವನ್ನೇ ತೆರುವಂತಾಯಿತು. 1,200 ಚದರ ಅಡಿವರೆಗಿನ ನಿವೇಶನಗಳ ಮನೆಗಳಿಗೆ ವಿನಾಯಿತಿ ನೀಡಲು 2025ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿತು. ಆದರೆ ನಕ್ಷೆ ಉಲ್ಲಂಘಿಸಿದ್ದು ಕಟ್ಟಿದವನ ತಪ್ಪು. ಅಷ್ಟು ದಿನ ದುಬಾರಿ ದರ ತೆತ್ತವರಲ್ಲಿ ಬಾಡಿಗೆಗಿದ್ದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಈ ಹಂಚಿಕೆ ಮೀಟರಿನ ಕಾರಣದಿಂದಲೇ ಹಳೆಯ ಹಂತಪದ್ಧತಿಗೆ ಕಣ್ಣುಮುಚ್ಚಿ ಮರಳುವುದೂ ಪರಿಹಾರವಲ್ಲ. ನಾಲ್ಕು ಬಡ ಸಂಸಾರಗಳ ಬಳಕೆ ಒಂದೇ ಮೀಟರಿನಲ್ಲಿ ಕೂಡಿದಾಗ ಹಂತಪದ್ಧತಿ ಅವರನ್ನು ಶ್ರೀಮಂತರೆಂದೇ ಎಣಿಸುತ್ತಿತ್ತು. 240ನೇ ಯೂನಿಟ್‌ಗೆ 8.20 ರೂಪಾಯಿ ತೆತ್ತವರು ಅವರೇ. ಏಕರೂಪ ದರದಿಂದ ಅವರಿಗೆ ಅಷ್ಟರ ಮಟ್ಟಿಗೆ ಅನುಕೂಲವಾಗಿದೆ. ಆದ್ದರಿಂದ ಮೊದಲು ಒಲೆಗೊಂದು ಮೀಟರ್, ನಂತರ ಹಂತದ ದರ ಎಂಬ ಕ್ರಮವೇ ಸರಿ.

ಅಂದಾಜಿಗೆ ಸಿಗದ ಬಿಲ್

ದಿನಗೂಲಿಯ ಸಂಸಾರಕ್ಕೆ ಬಿಲ್ಲಿನ ಮೊತ್ತದಷ್ಟೇ ಅದರ ಅನಿಶ್ಚಿತತೆಯೂ ಭಾರ. ಬಾಡಿಗೆ ಎಷ್ಟು, ಗ್ಯಾಸ್ ಎಷ್ಟು, ಶಾಲೆಯ ಫೀಸು ಎಷ್ಟು ಎಂಬುದು ಮೊದಲೇ ಗೊತ್ತಿರುತ್ತದೆ. ಕರೆಂಟಿನದು ಹಾಗಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿದ ನಂತರ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಏರಿಳಿತವನ್ನು ತಿಂಗಳು ತಿಂಗಳೂ ಗ್ರಾಹಕನಿಗೆ ವರ್ಗಾಯಿಸುವ ವ್ಯವಸ್ಥೆ ಬಂದಿದೆ. 2023ರ ಮೇ 12ರ ದರ ಏರಿಕೆ ಏಪ್ರಿಲ್ 1ರಿಂದಲೇ ಪೂರ್ವಾನ್ವಯವಾಗಿದ್ದರಿಂದ ಜೂನ್ ಬಿಲ್ಲಿನಲ್ಲಿ ಹಿಂಬಾಕಿ, ಹೊಸ ದರ, ವೆಚ್ಚ ಹೊಂದಾಣಿಕೆ ಮೂರೂ ಒಟ್ಟಿಗೆ ಎರಗಿದವು. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ 2023ರ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತು. ಉದ್ಯಮಿಗಳಿಗೆ ಸಂಘಟನೆಯಿದೆ, ವಠಾರದ ಬಾಡಿಗೆದಾರನಿಗೆ ಯಾವ ಸಂಘಟನೆಯಿದೆ?

ಇದರ ಮೇಲೆ ಹೆಚ್ಚುವರಿ ಭದ್ರತಾ ಠೇವಣಿಯ ನೋಟಿಸು. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇರಬೇಕೆಂಬುದು ನಿಯಮ. ದರ ಏರಿದಾಗ, ಬಳಕೆ ಹೆಚ್ಚಿದಾಗ ವ್ಯತ್ಯಾಸ ಕಟ್ಟಬೇಕು. ಶಾಲಾ ಪ್ರವೇಶದ ಖರ್ಚಿನ ಹೊತ್ತಿಗೇ ಅದು ಬಂದರೆ ಸಾಲ ಮಾಡದೆ ವಿಧಿಯಿಲ್ಲ.

ಕಾನೂನಿನಲ್ಲಿ ರಕ್ಷಣೆ ಇಲ್ಲದಿಲ್ಲ. ಹದಿನೈದು ದಿನಗಳ ಲಿಖಿತ ಸೂಚನೆ ನೀಡದೆ ಸಂಪರ್ಕ ಕಡಿಯುವಂತಿಲ್ಲ ಎಂದು 2003ರ ಕಾಯ್ದೆಯ 56ನೇ ಪ್ರಕರಣ ಹೇಳುತ್ತದೆ. ಮೀಟರ್ ಓದದೆ ಅಂದಾಜಿನ ಬಿಲ್ಲನ್ನು ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಕೊಡಬಾರದು ಎಂದು 2020ರ ಗ್ರಾಹಕ ಹಕ್ಕುಗಳ ನಿಯಮಗಳು ಹೇಳುತ್ತವೆ. ದೂರಿಗೆ 1912 ಸಹಾಯವಾಣಿ, ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಈ ಮೆಟ್ಟಿಲುಗಳ ವಿವರ ಬಡವನ ಕೈಗೆ ಬರುವ ಕಾಗದದ ಪಟ್ಟಿಯಲ್ಲಿ ಓದುವಂಥ ಅಕ್ಷರದಲ್ಲಿ ಇರಬೇಕು.

ದಾರಿ ಯಾವುದು?

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ನೆರೆಯ ತಮಿಳುನಾಡು 2016ರ ಮೇ ತಿಂಗಳಿನಿಂದ ಜಾರಿಗೆ ತಂದ ವ್ಯವಸ್ಥೆಯಲ್ಲಿ ಎರಡು ತಿಂಗಳ ಬಿಲ್ಲಿನ ಮೊದಲ 100 ಯೂನಿಟ್ ಎಲ್ಲ ಮನೆಗಳಿಗೂ ಉಚಿತವೆಂದಾಯಿತು. ಹಿಂದೆ ಎಷ್ಟು ಬಳಸಿದ್ದಿರಿ ಎಂದು ಅದು ಕೇಳಲಿಲ್ಲ. ಗಡಿ ದಾಟಿದರೂ ಆ 100 ಯೂನಿಟ್ ಕೈತಪ್ಪಲಿಲ್ಲ. ದೆಹಲಿ 2019ರ ಆಗಸ್ಟ್‌ನಲ್ಲಿ 200 ಯೂನಿಟ್‌ವರೆಗೆ ಉಚಿತ ಘೋಷಿಸಿದಾಗ 201ರಿಂದ 400ರವರೆಗೆ ಅರ್ಧ ಸಹಾಯಧನವಿಟ್ಟು ಪ್ರಪಾತವನ್ನು ಇಳಿಜಾರಾಗಿಸಿತು.

ಕರ್ನಾಟಕ ಈ ಎರಡರಿಂದಲೂ ಕಲಿಯಬಹುದು. ಮೊದಲನೆಯದಾಗಿ, ಉಚಿತ ಹಕ್ಕನ್ನು ಮೀಟರಿನ ಹಳೆಯ ಚರಿತ್ರೆಯಿಂದ ಬಿಡಿಸಿ ಎಲ್ಲ ಮನೆಗೂ ಒಂದೇ ಮೂಲ ಪ್ರಮಾಣ ನಿಗದಿಪಡಿಸಬೇಕು. ಹೊಸ ಮನೆಗಳಿಗೆ ಈಗಾಗಲೇ ನೀಡಿರುವ 58 ಯೂನಿಟ್‌ನ ಅಳತೆಯೇ ಚರ್ಚೆಗೆ ಒಳ್ಳೆಯ ಆರಂಭ. ಎರಡನೆಯದಾಗಿ, ಆ ಹಕ್ಕನ್ನು ತಿಂಗಳಿನ ಬದಲು ವರ್ಷದ ಲೆಕ್ಕದಲ್ಲಿ ಹಿಡಿಯಬೇಕು. ಶ್ರಾವಣದಲ್ಲಿ ಉಳಿಸಿದ್ದು ಚೈತ್ರದ ಬಿಸಿಲಿಗೆ ಒದಗುವಂತಾಗಬೇಕು. ಮೂರನೆಯದಾಗಿ, 200 ದಾಟಿದವರಿಗೆ ದಾಟಿದಷ್ಟಕ್ಕೆ ಮಾತ್ರ ಶುಲ್ಕ ಇರಬೇಕು. ಬೇಕಿದ್ದರೆ ಆ ಹೆಚ್ಚುವರಿಗೆ ತುಸು ದುಬಾರಿ ದರವಿರಲಿ. ನಾಲ್ಕನೆಯದಾಗಿ, ಬಡ ಬಾಡಿಗೆದಾರರ ಪ್ರತ್ಯೇಕ ಮೀಟರಿನ ವೆಚ್ಚವನ್ನು ಬಿಲ್ಲಿನ ಜೊತೆ ಸಣ್ಣ ಕಂತುಗಳಲ್ಲಿ ಹಿಂಪಡೆಯುವ ವ್ಯವಸ್ಥೆ ಬರಬೇಕು. ಕೊನೆಯದಾಗಿ, ಆಯೋಗವು ದರಪಟ್ಟಿಯಲ್ಲೇ ಕನಿಷ್ಠ ಬಳಕೆಯ ಹಂತವೊಂದನ್ನು ಮರುಸ್ಥಾಪಿಸಬೇಕು.

ಇದರಿಂದ ಕಳೆದುಕೊಳ್ಳುವವರೂ ಇದ್ದಾರೆ. ಈಗ 150, 180, 200 ಯೂನಿಟ್ ಉಚಿತವಾಗಿ ಪಡೆಯುತ್ತಿರುವ ಮಧ್ಯಮವರ್ಗದ ಮನೆಗಳ ಪಾಲು ತಗ್ಗುತ್ತದೆ. ಈ ಅಂಕಣ ಓದುತ್ತಿರುವ ಅನೇಕರ ಮನೆಗಳೂ, ಬರೆಯುತ್ತಿರುವವನ ಮನೆಯೂ ಅದರಲ್ಲಿ ಸೇರುತ್ತವೆ. ಯಾವ ಸರ್ಕಾರವೂ ಕೊಟ್ಟದ್ದನ್ನು ಹಿಂಪಡೆಯಲು ಅಂಜುತ್ತದೆ ಎಂಬುದೂ ನಿಜ. ಆದರೆ ಸಹಾಯಧನದ ದೊಡ್ಡ ಪಾಲು ಉಳ್ಳವರ ಗೀಸರಿಗೆ ಹೋಗಿ, ವಠಾರದ ಬಾಡಿಗೆದಾರ ತಿಂಗಳಿಗೆ 475 ರೂಪಾಯಿ ಎಣಿಸುವ ವ್ಯವಸ್ಥೆಯನ್ನು ಬಡವರ ಹೆಸರಿನಲ್ಲಿ ಎಷ್ಟು ದಿನ ಸಮರ್ಥಿಸಬಹುದು?

ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿಯ ಓದುಗರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಗೃಹ ಬಳಕೆಯ ದರ ಇಂದು ರಾಜ್ಯಕ್ಕೆಲ್ಲ ಒಂದೇ. ಮುಂದಿನ ಬಿಲ್ ಬಂದಾಗ ಕೊನೆಯ ಸಾಲನ್ನಷ್ಟೇ ನೋಡದೆ ಮೇಲಿನ ಸಾಲುಗಳನ್ನೂ ಒಮ್ಮೆ ಓದಿ ನೋಡುವುದು ಒಳಿತು. ಸರ್ಕಾರ ನಿಮ್ಮ ಪರವಾಗಿ ಎಷ್ಟು ಕಟ್ಟಿದೆ, ಅದು ಕಟ್ಟದ ದಿನ ನೀವು ಎಷ್ಟು ಕಟ್ಟಬೇಕಾಗುತ್ತದೆ ಎಂಬುದು ಅಲ್ಲೇ ಇದೆ. ಮನೆಗೆಲಸಕ್ಕೆ ಬರುವಾಕೆಯ ಕೋಣೆಯಲ್ಲಿ ಸ್ವಂತ ಮೀಟರ್ ಇದೆಯೇ ಎಂದು ಕೇಳಿದರೆ ಉಳಿದ ಅರ್ಧ ಲೆಕ್ಕವೂ ತಿಳಿಯುತ್ತದೆ.